ಒಂದು ಪ್ರತಿ ತೆಗೆದಿಡಿ

ಕರ್ನಾಟಕ ಸರ್ಕಾರದ ಸಾರ್ವಜನಿಕ ಗ್ರಂಥಾಲಯ ಇಲಾಖೆ ಮತ್ತು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಹಿರಿಯರಿಗೆ,

ನಮಸ್ಕಾರ.

ಅಂತರ್ಜಾಲದಲ್ಲಿ ಬಂದ ಕನ್ನಡ ಸಾಹಿತ್ಯ ಪತ್ರಿಕೆಗಳ ಪ್ರತಿಯನ್ನು ನಮ್ಮ ಗ್ರಂಥಾಲಯಗಳು ತೆಗೆದಿಡಬೇಕು ಅಂತ ಕೇಳಲು ಈ ಪತ್ರ. ಇದನ್ನು ಬರೆಯುವಾಗ ನನ್ನ ಮೇಜಿನ ಮೇಲೆ ನಾಲ್ಕು ಹಾಳೆಗಳಿವೆ. 2003ರಲ್ಲಿ ನಮ್ಮೂರಿನ ಬಸ್ ಸ್ಟ್ಯಾಂಡ್ ಎದುರಿನ ಸೈಬರ್ ಕೆಫೆಯಲ್ಲಿ ಪ್ರಿಂಟ್ ತೆಗೆಸಿದ್ದು. ಹಾಳೆಗೆ ಐದು ರೂಪಾಯಿ ತಗೊಂಡಿದ್ದರು. ಅದರಲ್ಲಿರುವುದು ನನ್ನ ಮೊದಲ ಕಥೆ. ಕನ್ನಡದ ಒಂದು ಅಂತರ್ಜಾಲ ಸಾಹಿತ್ಯ ಪತ್ರಿಕೆ ಅದನ್ನು ಪ್ರಕಟಿಸಿತ್ತು. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಅಪ್ಪನಿಗೆ ತೋರಿಸಲೇಬೇಕು ಅಂತ ಪ್ರಿಂಟ್ ತಂದೆ.

ಅಪ್ಪ ಶಾಲೆ ಮೇಷ್ಟ್ರಾಗಿದ್ದವರು. ಜಗಲಿಯಲ್ಲಿ ಕೂತು, ಕನ್ನಡಕ ಏರಿಸಿ, ಒಂದೇ ಉಸಿರಿಗೆ ಓದಿದರು. ಆಮೇಲೆ ಜೇಬಿನಿಂದ ಕೆಂಪು ಪೆನ್ನು ತೆಗೆದು ಎರಡನೇ ಹಾಳೆಯಲ್ಲಿ ಒಂದು ಪದಕ್ಕೆ ಸುತ್ತು ಹಾಕಿದರು. ಹಿತ್ತಲ ಬಾವಿಯಲ್ಲಿ ನೀರಿಲ್ಲ ಅನ್ನಬೇಕಾದಲ್ಲಿ 'ಹಿತ್ತಲ ಭಾವಿಯಲ್ಲಿ' ಅಂತ ಬಂದಿತ್ತು. "ಭಾವಿ ಅಂದರೆ ಮುಂದೆ ಬರುವಂಥದ್ದು. ನೀರು ಸೇದುವುದು ಬಾವಿಯಲ್ಲಿ" ಅಂದರು. ಮಾರನೇ ದಿನ ನಾನು ಮತ್ತೆ ಸೈಬರ್ ಕೆಫೆಗೆ ಹೋಗಿ ಸಂಪಾದಕರಿಗೆ ಮೇಲ್ ಹಾಕಿದೆ. ಅವರು ಅವತ್ತು ರಾತ್ರಿಯೇ ತಿದ್ದಿದರು. ಅಚ್ಚಾದ ಪತ್ರಿಕೆಯಲ್ಲಿ ಇದು ಆಗುವ ಮಾತಾ? ನನಗಂತೂ ಪವಾಡ ನೋಡಿದ ಹಾಗಾಯಿತು. ಅಪ್ಪನಿಗೆ ಹೇಳಿದಾಗ ಅವರ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವರು ತಿದ್ದಿದ್ದು ಇಡೀ ಜಗತ್ತಿಗೆ ಕಾಣುತ್ತಿತ್ತು.

ಹೋದ ತಿಂಗಳು ಹಳೆ ಟ್ರಂಕು ತೆಗೆದಾಗ ಈ ಹಾಳೆಗಳು ಸಿಕ್ಕವು. ಪ್ರತಿ ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಪತ್ರಿಕೆಯ ವಿಳಾಸ ಇದೆ. ಅದನ್ನು ಒಂದೊಂದೇ ಅಕ್ಷರ ನೋಡಿಕೊಂಡು ಟೈಪ್ ಮಾಡಿದೆ. ತೆರೆದದ್ದು ಒಂದು ಬಿಳಿ ಪುಟ. ಈ ಹೆಸರು ಮಾರಾಟಕ್ಕಿದೆ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಅಷ್ಟೇ. ಕಥೆಗಳಿಲ್ಲ, ಕವಿತೆಗಳಿಲ್ಲ, ಸಂಪಾದಕರ ಮಾತಿಲ್ಲ. ಅಪ್ಪ ಕೂಡ ಈಗಿಲ್ಲ. ಅವರು ತಿದ್ದಿಸಿದ ಪ್ರತಿ ಹೋಗಿದೆ. ತಪ್ಪಿರುವ ಪ್ರತಿ ಮಾತ್ರ ನನ್ನ ಕೈಲಿ ಉಳಿದಿದೆ, ಅವರ ಕೆಂಪು ಸುತ್ತಿನ ಜೊತೆ.

ಆ ಪತ್ರಿಕೆಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಅದನ್ನು ನಡೆಸಿದವರ ಕಡೆ ಬೆರಳು ತೋರಿಸಿದ ಹಾಗಾಗುತ್ತದೆ. ಅವರು ಮಾಡಿದ್ದು ದೊಡ್ಡ ಕೆಲಸ. ಹಗಲು ಯಾವುದೋ ಕಂಪನಿಯಲ್ಲಿ ದುಡಿದು, ರಾತ್ರಿ ಕೂತು ಪುಟ ಕಟ್ಟುತ್ತಿದ್ದರು. ಜಾಹೀರಾತಿರಲಿಲ್ಲ, ಚಂದಾ ಇರಲಿಲ್ಲ. ವರ್ಷ ವರ್ಷ ಸ್ವಂತ ಜೇಬಿನಿಂದ ದುಡ್ಡು ಕಟ್ಟುತ್ತಿದ್ದರು. ಅವರಿಗೆ ಕೃತಜ್ಞತೆ ಹೇಳದೆ ಈ ಪತ್ರದಲ್ಲಿ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಆ ಕಾಲ ಹೇಗಿತ್ತು ಅಂತ ಈಗಿನ ಹುಡುಗರಿಗೆ ಸ್ವಲ್ಪ ಹೇಳಬೇಕು. ಯು. ಬಿ. ಪವನಜ ಅವರು 'ವಿಶ್ವಕನ್ನಡ' ಅನ್ನುವ ಅಂತರ್ಜಾಲ ಪತ್ರಿಕೆ ಶುರು ಮಾಡಿದ್ದು 1996ರಲ್ಲಿ. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವ 'ಬರಹ' ತಂತ್ರಾಂಶ ಬಂದದ್ದು 1998ರಲ್ಲಿ. ವಿಂಡೋಸ್‌ನಲ್ಲಿ ಯೂನಿಕೋಡ್ ಕನ್ನಡ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತದ ಕನ್ನಡ, ಸರಿಯಾಗಿ ಕಾಣಿಸಿದ್ದು 2001ರ ಎಕ್ಸ್‌ಪಿ ಬಂದ ಮೇಲೆ. ನಮ್ಮೂರ ಸೈಬರ್ ಕೆಫೆಯಲ್ಲಿ ಅದಾದ ಮೇಲೂ ಎಷ್ಟೋ ದಿನ ವಿಂಡೋಸ್ 98 ಇತ್ತು. ಪತ್ರಿಕೆ ತೆರೆದರೆ ಕಾಣುತ್ತಿದ್ದದ್ದು ವಿಚಿತ್ರ ಲಿಪಿ. ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಟೋಪಿ, ಬೆನ್ನ ಮೇಲೆ ಚುಕ್ಕೆ. ಫಾಂಟ್ ಇಳಿಸಿಕೊಂಡು ಹಾಕಿ, ಪುಟವನ್ನು ಮತ್ತೆ ತೆರೆದಾಗ, ಆ ಗೋಜಲೆಲ್ಲ ಒಂದೇ ಸಲ ದುಂಡು ದುಂಡು ಕನ್ನಡವಾಗಿ ಬದಲಾಗುತ್ತಿತ್ತು. ಆ ಕ್ಷಣಕ್ಕೆ ನಾನು ಎಷ್ಟು ಸಲ ಕಾದಿದ್ದೇನೋ ಲೆಕ್ಕವಿಲ್ಲ. ಮಾರನೇ ದಿನ ಹೋದರೆ ಕೆಫೆಯವನು ಕಂಪ್ಯೂಟರ್ ಸ್ವಚ್ಛ ಮಾಡಿ ಫಾಂಟ್ ತೆಗೆದಿರುತ್ತಿದ್ದ. ಮತ್ತೆ ಮೊದಲಿಂದ ಶುರು.

ಇಷ್ಟೆಲ್ಲ ಪಾಡು ಪಟ್ಟು ಯಾಕೆ ಓದುತ್ತಿದ್ದೆವು? ಅಲ್ಲಿ ಬೇರೆ ಕಡೆ ಸಿಗದ ಬರಹ ಸಿಗುತ್ತಿತ್ತು, ಅದಕ್ಕೆ. ವಾರಪತ್ರಿಕೆಯಲ್ಲಿ ಕಥೆಗೆ ಇಷ್ಟೇ ಪುಟ ಅಂತ ಇರುತ್ತದೆ. ಇಲ್ಲಿ ಹಾಗಿರಲಿಲ್ಲ. ನೀಳ್ಗವಿತೆಯನ್ನು ಪೂರ್ತಿ ಹಾಕುತ್ತಿದ್ದರು. ಊರು ಬಿಟ್ಟು ದೂರ ಹೋದವರು ಮೊದಲ ಸಲ ಕನ್ನಡದಲ್ಲಿ ಬರೆಯಲು ಕೂತದ್ದು ಇಂಥ ಪತ್ರಿಕೆಗಳಿಗಾಗಿ. ಗಲ್ಫ್‌ನಲ್ಲಿ ಕೆಲಸಕ್ಕಿದ್ದ ಒಬ್ಬರು ರಾತ್ರಿ ಪಾಳಿಯ ಬಗ್ಗೆ ಬರೆದ ಪುಟ್ಟ ಪುಟ್ಟ ಬರಹಗಳು ನನಗೆ ಇನ್ನೂ ನೆನಪಿವೆ. ಅವರು ಮುಂದೆ ಪುಸ್ತಕ ಮಾಡಲಿಲ್ಲ. ಬೇರೆಲ್ಲೂ ಬರೆದ ಹಾಗೂ ಕಾಣೆ. ಅವರ ಬರಹ ಇದ್ದದ್ದು ಅಲ್ಲೊಂದೇ ಕಡೆ. ಮಲೆನಾಡಿನ ಒಬ್ಬ ಅಜ್ಜಿ ಮಳೆಗೆ ಬಳಸುತ್ತಿದ್ದ ಪದಗಳನ್ನೆಲ್ಲ ಮೊಮ್ಮಗಳು ಕೂಡಿಸಿ ಕೊಟ್ಟಿದ್ದಳು. ಯಾವ ನಿಘಂಟಿನಲ್ಲೂ ಇಲ್ಲದ ಪದಗಳು ಅದರಲ್ಲಿದ್ದವು. ಈಗ ಎರಡೇ ನೆನಪಿಗೆ ಬರುತ್ತಿವೆ, ಅವೂ ಸರಿಯೋ ತಪ್ಪೋ ಅನ್ನುವ ಅನುಮಾನ.

ಹೆಸರಾದವರ ಬರಹ ಹೇಗೋ ಉಳಿಯುತ್ತದೆ. ಸಂಕಲನದಲ್ಲಿ ಸೇರುತ್ತದೆ, ಸಮಗ್ರ ಸಂಪುಟ ಬರುತ್ತದೆ. ಹೋಗುವುದು ಇಂಥವರದ್ದು. ಒಂದೇ ಒಂದು ಒಳ್ಳೆಯ ಕಥೆ ಬರೆದು ಸುಮ್ಮನಾದವರದ್ದು. ಕನ್ನಡದಲ್ಲಿ ಅಂಥವರು ಜಾಸ್ತಿ.

ಪತ್ರಿಕೆ ಹೇಗೆ ಹೋಯಿತು ಅಂತ ನೀವು ಕೇಳಬಹುದು. ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ, ಏಕೆಂದರೆ ಹೆಚ್ಚು ಕಡಿಮೆ ಎಲ್ಲ ಕಡೆ ಹೀಗೇ ಆಗುತ್ತದೆ. ಅಂತರ್ಜಾಲದ ವಿಳಾಸವನ್ನು ಯಾರೂ ಕೊಂಡುಕೊಳ್ಳುವುದಿಲ್ಲ, ಬಾಡಿಗೆಗೆ ತಗೊಳ್ಳುತ್ತಾರೆ. ಆಗಾಗ ನವೀಕರಣ ಮಾಡಿಸಬೇಕು. ಅದರ ನೆನಪೋಲೆ ಸಂಪಾದಕರು ಬಳಸುವುದನ್ನೇ ಬಿಟ್ಟ ಹಳೆ ಮೇಲ್ ವಿಳಾಸಕ್ಕೆ ಹೋಗುತ್ತದೆ. ಕಾರ್ಡಿನ ಅವಧಿ ಮುಗಿದಿರುತ್ತದೆ. ಅಥವಾ ಮನೆಯಲ್ಲಿ ಯಾರಿಗೋ ಹುಷಾರಿಲ್ಲದೆ ಆ ತಿಂಗಳು ಯಾವುದರ ಕಡೆಗೂ ಗಮನವಿರುವುದಿಲ್ಲ. ಅವಧಿ ಮುಗಿದ ಮೇಲೆ ಸ್ವಲ್ಪ ದಿನ ರಿಯಾಯಿತಿ ಇರುತ್ತದೆ. ಆಮೇಲೆ ದಂಡ ಕಟ್ಟಿ ಬಿಡಿಸಿಕೊಳ್ಳಲು ಡಾಟ್ ಕಾಂ ಹೆಸರುಗಳಿಗೆ 30 ದಿನ. ಅದರ ಮೇಲೆ 5 ದಿನ ಹೆಸರು ಅಳಿಸಲು ಕಾದಿರುತ್ತದೆ, ಆಗ ಬಿಡಿಸಿಕೊಳ್ಳಲೂ ಆಗುವುದಿಲ್ಲ. ಅಲ್ಲಿಗೆ ಮುಗಿಯಿತು. ಆರನೇ ದಿನ ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಬರಹಗಳನ್ನು ಇಟ್ಟ ಸರ್ವರ್ ಜಾಗಕ್ಕೆ ಬೇರೆ ಬಾಡಿಗೆ. ಅದನ್ನೂ ಕಟ್ಟದಿದ್ದರೆ ಅಳಿಸಿಹಾಕುತ್ತಾರೆ. ಬೆಂಕಿ ಬೀಳಲಿಲ್ಲ, ಪ್ರವಾಹ ಬರಲಿಲ್ಲ. ಒಂದು ಬಿಲ್ಲು ಕಟ್ಟುವುದು ತಪ್ಪಿತು. ಹತ್ತಿಪ್ಪತ್ತು ವರ್ಷ ನೂರಾರು ಜನ ಬರೆದದ್ದು ಹೋಯಿತು.

ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತದಲ್ಲ ಅಂತ ಗೆಳೆಯರೊಬ್ಬರು ಹೇಳಿದರು. ನೋಡಿದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಆ ಸಂಸ್ಥೆ 1996ರಿಂದ ಜಗತ್ತಿನ ಪುಟಗಳನ್ನು ಕೂಡಿಡುತ್ತಾ ಬಂದಿದೆ. ಲಾಭಕ್ಕಾಗಿ ನಡೆಯುವ ಸಂಸ್ಥೆಯಲ್ಲ. ಅವರಿಗೆ ಸಾವಿರ ನಮಸ್ಕಾರ. ನಮ್ಮ ಪತ್ರಿಕೆಯ ಮುಖಪುಟ ಅಲ್ಲಿ ಸಿಕ್ಕಿತು. ಎಡಗಡೆ ಪರಿವಿಡಿಯೂ ಇತ್ತು. ನನ್ನ ಕಥೆಯ ಹೆಸರನ್ನು ಅಲ್ಲಿ ನೋಡಿ ಎದೆ ಧಸಕ್ಕೆಂದಿತು. ಒತ್ತಿದರೆ ಆ ಪುಟವೇ ಇಲ್ಲ. ಯಂತ್ರ ಬಂದು ಮೇಲುಮೇಲಿನದ್ದನ್ನು ನಕಲು ಮಾಡಿಕೊಂಡು ಹೋಗಿದೆ, ಒಳಗಿನದ್ದು ಎಷ್ಟೋ ಬಿಟ್ಟುಹೋಗಿದೆ. ಸಿಕ್ಕ ಪುಟಗಳೂ ಅದೇ ಹಳೆಯ ಟೋಪಿ-ಚುಕ್ಕೆಯ ಲಿಪಿಯಲ್ಲಿವೆ. ಅದಕ್ಕೆ ಪರಿಹಾರ ಇದೆ. ಆ ಕಾಲದ ಫಾಂಟ್‌ಗಳಿಂದ ಯೂನಿಕೋಡ್‌ಗೆ ಬದಲಾಯಿಸುವ ಸಾಧನಗಳಿವೆ, ಸ್ವಲ್ಪ ತಿದ್ದುಪಡಿ ಮಾಡಿದರೆ ಓದಬಹುದು. ಆದರೆ ನಕಲೇ ಆಗದ ಪುಟಕ್ಕೆ ಯಾವ ಸಾಧನವೂ ಇಲ್ಲ. ಇನ್ನೊಂದು ಮಾತು. 2024ರ ಅಕ್ಟೋಬರ್‌ನಲ್ಲಿ ಆ ಸಂಸ್ಥೆಯ ಮೇಲೇ ಸೈಬರ್ ದಾಳಿ ಆಗಿ, ಕೆಲವು ದಿನ ಅದು ಬಾಗಿಲು ಹಾಕಬೇಕಾಯಿತು. ಕನ್ನಡದ ಹಳೆಯ ಬರಹ ಓದಲು ನಾವು ದೂರದೂರಿನ ಒಂದೇ ಒಂದು ಬಾಗಿಲನ್ನು ನಂಬಿ ಕೂತಿದ್ದೇವೆ. ಇದು ಸರಿಯಾ?

ಮಾನ್ಯರೇ, ಕನ್ನಡಕ್ಕೆ ಕಳೆದುಕೊಳ್ಳುವುದು ಹೊಸದಲ್ಲ. ನಮಗೆ ಸಿಕ್ಕಿರುವ ಮೊದಲ ಗ್ರಂಥ ಒಂಬತ್ತನೇ ಶತಮಾನದ ಕವಿರಾಜಮಾರ್ಗ. ಅದರಲ್ಲಿ ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಅಂತ ಕನ್ನಡದ ಗದ್ಯ ಬರಹಗಾರರ ಹೆಸರುಗಳು ಬರುತ್ತವೆ. ಅವರ ಕನ್ನಡ ಗದ್ಯದ ಒಂದು ಪುಟವೂ ನಮಗೆ ಸಿಕ್ಕಿಲ್ಲ. ಹೆಸರಿದೆ, ಬರಹವಿಲ್ಲ. ನಾನು ಮೊನ್ನೆ ಆ ಪರಿವಿಡಿಯನ್ನು ನೋಡುತ್ತಾ ಕೂತಾಗ ನೆನಪಾದದ್ದು ಈ ನಾಲ್ಕು ಹೆಸರು. ಅವರ ಓಲೆಗರಿಗಳು ಕಾಣೆಯಾಗಲು ಸಾವಿರ ವರ್ಷದ ಕಾಲಾವಕಾಶವಿತ್ತು. ನಮ್ಮದಕ್ಕೆ ಇಪ್ಪತ್ತೇ ವರ್ಷ ಸಾಕಾಯಿತು.

ಉಳಿಸಿದವರೂ ನಮ್ಮಲ್ಲೇ ಇದ್ದರು. ಹತ್ತನೇ ಶತಮಾನದಲ್ಲಿ ಅತ್ತಿಮಬ್ಬೆ ಏನು ಮಾಡಿದಳು? ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಳು. ಆಗ ಅಚ್ಚಿನ ಯಂತ್ರವಿಲ್ಲ. ಒಂದೊಂದು ಪ್ರತಿಯನ್ನೂ ಕೂತು ಕಂಟದಿಂದ, ಅಂದರೆ ಕಬ್ಬಿಣದ ಚೂಪು ಲೇಖನಿಯಿಂದ, ಓಲೆಗರಿಯ ಮೇಲೆ ಕೊರೆಯಬೇಕು. ಹಾಗೆ ಸಾವಿರ! ನಾನು ಶಾಲೆಯಲ್ಲಿ ಇದನ್ನು ಒಂದು ಅಂಕದ ಪ್ರಶ್ನೆಯಾಗಿ ಓದಿದ್ದೆ. ಈಗ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಆಕೆಗೆ ಗೊತ್ತಿತ್ತು, ಒಂದೇ ಪ್ರತಿ ಇದ್ದರೆ ಒಂದು ದಿನ ಗೆದ್ದಲು ತಿನ್ನುತ್ತದೆ ಅಂತ. ಪೊನ್ನನ ಶಾಂತಿಪುರಾಣ ಇವತ್ತು ನಮ್ಮ ಕೈಯಲ್ಲಿದೆ. ಆಕೆಯ ಹೆಸರಿನಲ್ಲಿ ಸರ್ಕಾರ ದಾನಚಿಂತಾಮಣಿ ಅತ್ತಿಮಬ್ಬೆ ಪ್ರಶಸ್ತಿ ಕೊಡುತ್ತದೆ. ಬಹಳ ಸಂತೋಷ. ಅದರ ಜೊತೆಗೆ ಆಕೆ ಮಾಡಿದ ಕೆಲಸವನ್ನೂ ಮಾಡಿ ಅಂತ ನಾನು ಕೇಳುತ್ತಿದ್ದೇನೆ. ಪ್ರತಿ ಮಾಡಿಸಿ.

ಕಾನೂನಿನಲ್ಲಿ ಇದಕ್ಕೆ ಅರ್ಧ ದಾರಿ ಆಗಲೇ ಇದೆ. ಪುಸ್ತಕಗಳನ್ನು ಗ್ರಂಥಾಲಯಕ್ಕೆ ಒಪ್ಪಿಸುವ ಕೇಂದ್ರದ ಕಾಯ್ದೆ 1954ರದ್ದು. ದೇಶದಲ್ಲಿ ಯಾರೇ ಪುಸ್ತಕ ಪ್ರಕಟಿಸಿದರೂ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು, ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸಬೇಕು. 1956ರಲ್ಲಿ ದಿನಪತ್ರಿಕೆ, ನಿಯತಕಾಲಿಕಗಳನ್ನೂ ಸೇರಿಸಿದರು. ಕಳಿಸದಿದ್ದರೆ 50 ರೂಪಾಯಿವರೆಗೆ ದಂಡ. ದಂಡ ಚಿಕ್ಕದಿರಬಹುದು, ಅದರ ಹಿಂದಿನ ಯೋಚನೆ ದೊಡ್ಡದು. ಪ್ರಕಟವಾದದ್ದು ಎಲ್ಲೋ ಒಂದು ಕಡೆ ಉಳಿಯಲೇಬೇಕು ಅಂತ ಆಗಲೇ ಒಪ್ಪಿಕೊಂಡಿದ್ದೇವೆ. ಆದರೆ ಆ ಕಾಯ್ದೆ ಬರೆದಾಗ ಅಂತರ್ಜಾಲ ಇರಲಿಲ್ಲ. ಅದರ ಕಣ್ಣಿಗೆ ನಮ್ಮ ಪತ್ರಿಕೆ ಕಾಣುವುದೇ ಇಲ್ಲ.

ಹಕ್ಕುಸ್ವಾಮ್ಯ ಕಾಯ್ದೆಯನ್ನು 2012ರಲ್ಲಿ ತಿದ್ದಿದಾಗ ಗ್ರಂಥಾಲಯಗಳಿಗೆ ಒಂದು ಅನುಕೂಲ ಮಾಡಿಕೊಟ್ಟರು. ಲಾಭಕ್ಕಾಗಿ ನಡೆಯದ ಸಾರ್ವಜನಿಕ ಗ್ರಂಥಾಲಯ ಕಾಪಾಡುವ ಉದ್ದೇಶಕ್ಕಾಗಿ ಕೃತಿಯನ್ನು ಡಿಜಿಟಲ್ ಆಗಿ ತೆಗೆದಿಡಬಹುದು. ಒಂದು ಷರತ್ತಿದೆ. ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿ ಗ್ರಂಥಾಲಯದಲ್ಲಿ ಮೊದಲೇ ಇರಬೇಕು. ನೋಡಿ, ಇಲ್ಲೇ ನಾವು ಸಿಕ್ಕಿಕೊಳ್ಳುವುದು. ಅಂತರ್ಜಾಲದಲ್ಲೇ ಹುಟ್ಟಿದ ಕಥೆಗೆ ಕಾಗದದ ಪ್ರತಿ ಎಲ್ಲಿಂದ ಬರಬೇಕು? ಯಾರದೋ ಟ್ರಂಕಿನಲ್ಲಿ ನಾಲ್ಕು ಹಾಳೆ ಇದ್ದರೆ ಉಂಟು. ಬೇರೆ ದೇಶಗಳು ಇದನ್ನು ಬಗೆಹರಿಸಿಕೊಂಡಿವೆ. ಬ್ರಿಟನ್ನಿನಲ್ಲಿ 2013ರಿಂದ ಅಲ್ಲಿನ ಅಂತರ್ಜಾಲ ಪ್ರಕಟಣೆಗಳನ್ನೂ ಗ್ರಂಥಾಲಯಗಳು ತೆಗೆದಿಡುತ್ತವೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ 1996ರಲ್ಲೇ ಈ ಕೆಲಸಕ್ಕೆ ಕೈಹಾಕಿತು. ವಿಶ್ವಕನ್ನಡ ಶುರುವಾದ ಅದೇ ವರ್ಷ ಅನ್ನುವುದು ನೆನಪಾದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹುಟ್ಟಿದ ದಿನದಿಂದಲೇ ಎಲ್ಲವನ್ನೂ ಕಾಪಾಡಿಕೊಳ್ಳುವ ಅವಕಾಶ ನಮಗೂ ಇತ್ತು.

ಕೇಂದ್ರದ ಕಾನೂನು ಬದಲಾಗುವವರೆಗೆ ಕಾಯಬೇಡಿ. ಪತ್ರಿಕೆ ನಡೆಸುವವರ, ಬರೆದವರ ಒಪ್ಪಿಗೆ ಇದ್ದರೆ ಇವತ್ತೇ ಶುರು ಮಾಡಬಹುದು. ಒಂದು ಒಪ್ಪಿಗೆ ಪತ್ರದ ನಮೂನೆ ಮಾಡಿ. ಸಂಪದ, ಅವಧಿ, ಕೆಂಡಸಂಪಿಗೆಯಂಥ ಪತ್ರಿಕೆಗಳಿಗೆ ದುಡಿದವರನ್ನು ಕರೆದು ಕೂತು ಮಾತಾಡಿ. ಅವರಿಗೆ ನನಗಿಂತ ಹೆಚ್ಚು ಗೊತ್ತು. ಬರೆದವರ ಹಕ್ಕು ಬರೆದವರ ಬಳಿಯೇ ಇರಲಿ. ಹದಿನೆಂಟನೇ ವಯಸ್ಸಿನಲ್ಲಿ ಬರೆದದ್ದು ಈಗ ಎಲ್ಲರಿಗೂ ಕಾಣುವುದು ಬೇಡ ಅನ್ನುವವರು ಇರುತ್ತಾರೆ, ಅದು ನ್ಯಾಯವೇ. ಬ್ರಿಟನ್ನಿನಲ್ಲಿ ಹೀಗೆ ತೆಗೆದಿಟ್ಟದ್ದನ್ನು ಸಾಮಾನ್ಯವಾಗಿ ಗ್ರಂಥಾಲಯದ ಒಳಗೇ ಕೂತು ಓದಬೇಕು. ನಾವೂ ಹಾಗೆ ಮಾಡಬಹುದು. ಕಬ್ಬನ್ ಪಾರ್ಕಿನ ಆ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಎರಡು ಕಂಪ್ಯೂಟರ್ ಇಟ್ಟರೂ ಸಾಕು, ಓದಬೇಕೆನ್ನುವವರು ಬಸ್ಸು ಹತ್ತಿ ಬರುತ್ತಾರೆ. ನಾನಂತೂ ಬರುತ್ತೇನೆ.

ಜಾಗದ ಖರ್ಚಿನ ಬಗ್ಗೆ ಹೆದರಬೇಕಿಲ್ಲ. ನಾನೇ ಲೆಕ್ಕ ಹಾಕಿದೆ. ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಸಾಮಾನ್ಯವಾಗಿ 3 ಬೈಟ್ ಬೇಕು. ಎರಡು ಸಾವಿರ ಪದಗಳ ಒಂದು ಕಥೆ ಸುಮಾರು 55 ಕಿಲೋಬೈಟ್ ಆಗುತ್ತದೆ. ಅಂಥ ಹತ್ತು ಸಾವಿರ ಕಥೆಗಳನ್ನು ಬರೀ ಅಕ್ಷರವಾಗಿ ಇಟ್ಟರೆ 550 ಮೆಗಾಬೈಟ್. ಒಂದು ಹಳೆ ಸಿಡಿಯಲ್ಲಿ ಹಿಡಿಸುತ್ತದೆ, ಇನ್ನೂ ಜಾಗ ಉಳಿಯುತ್ತದೆ. ಚಿತ್ರ, ವಿನ್ಯಾಸ ಎಲ್ಲ ಸೇರಿದರೆ ಹೆಚ್ಚಾಗುತ್ತದೆ, ನಿಜ. ಆದರೂ ಇಡೀ ಪತ್ರಿಕೆ ಅಂಗೈ ಮೇಲಿನ ಒಂದು ಡಿಸ್ಕಿನಲ್ಲಿ ಕೂರುತ್ತದೆ. ಹಾಗೆ ಮೂರು ಪ್ರತಿ ಮಾಡಿ ಬೆಂಗಳೂರಿನಲ್ಲಿ ಒಂದು, ಮೈಸೂರಿನಲ್ಲಿ ಒಂದು, ಧಾರವಾಡದಲ್ಲೋ ಕಲಬುರಗಿಯಲ್ಲೋ ಒಂದು ಇಡಿ. ಪುಟಗಳನ್ನು ಇದ್ದ ಹಾಗೇ ಕಟ್ಟಿಡಲು ವಾರ್ಕ್ ಅನ್ನುವ ಅಂತರರಾಷ್ಟ್ರೀಯ ಮಾನಕ 2009ರಿಂದಲೇ ಇದೆ. ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ನಾವು ಆಸ್ತಿ ತೆರಿಗೆ ಕಟ್ಟುವಾಗ ಅದರ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವಲ್ಲ, ಅದರಲ್ಲಿ ಚೂರು ಇದಕ್ಕೆ ಹೋದರೆ ಯಾವ ಓದುಗನೂ ಬೇಡ ಅನ್ನುವುದಿಲ್ಲ. ಬೇಕಾಗಿರುವುದು ಇದೇ ಕೆಲಸಕ್ಕೆ ಅಂತ ಕೂರುವ ಇಬ್ಬರು ಮೂವರು ಜನ. ಹಳೆ ಫಾಂಟು ಗೊತ್ತಿರುವವರು, ಕನ್ನಡ ಚೆನ್ನಾಗಿ ಓದಬಲ್ಲವರು. ಬಾವಿಗೂ ಭಾವಿಗೂ ವ್ಯತ್ಯಾಸ ತಿಳಿದವರು.

ಇನ್ನು ಹಳೆಯ ಸಂಪಾದಕರಲ್ಲಿ, ಬರಹಗಾರರಲ್ಲಿ ಒಂದು ಮಾತು. ನಿಮ್ಮ ಕಪಾಟಿನಲ್ಲಿ, ಅಟ್ಟದ ಮೇಲೆ, ಕೆಟ್ಟು ಮೂಲೆ ಸೇರಿದ ಕಂಪ್ಯೂಟರಿನಲ್ಲಿ ಹುಡುಕಿ. ಬ್ಯಾಕಪ್ ಅಂತ ಮಾರ್ಕರಿನಲ್ಲಿ ಬರೆದ ಸಿಡಿ ಇದ್ದೇ ಇರುತ್ತದೆ. ಸಿಡಿಯ ಮೇಲಿನ ಬಣ್ಣದ ಪದರವೂ ವರ್ಷಗಳು ಕಳೆದಂತೆ ಕೆಡುತ್ತದೆ, ಆಮೇಲೆ ನೋಡೋಣ ಅನ್ನಬೇಡಿ. ಅದರಲ್ಲಿರುವುದು ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಂಡರೂ ಎಸೆಯಬೇಡಿ. ತಿಳಿದವರ ಕೈಗೆ ಕೊಟ್ಟರೆ ಅದರೊಳಗಿನ ಕನ್ನಡ ಎಷ್ಟೋ ಸಲ ಮತ್ತೆ ಸಿಗುತ್ತದೆ.

1905ರಲ್ಲಿ ತಂಜಾವೂರು ಕಡೆಯ ಒಬ್ಬ ಪಂಡಿತರು ಒಂದು ಓಲೆಗರಿ ಕಟ್ಟನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂದು ಕೊಟ್ಟರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅಚ್ಚು ಹಾಕಿಸಿದರು. ಆ ಪಂಡಿತರು ಕಟ್ಟು ಹಿಡಿದುಕೊಂಡು ಬಂದಾಗ ಅದನ್ನು ತಗೊಳ್ಳಲು ಅಲ್ಲಿ ಒಂದು ಗ್ರಂಥಾಲಯ ಇತ್ತು, ಕೂತು ಓದುವ ಒಬ್ಬರು ಇದ್ದರು.

ನನ್ನ ಹತ್ತಿರ ಇರುವುದು ಅಂಥ ದೊಡ್ಡ ಗ್ರಂಥವಲ್ಲ. ನನ್ನ ಕಥೆಯ ಈ ನಾಲ್ಕು ಹಾಳೆ, ಇಷ್ಟವಾಯಿತೆಂದು ಆಗ ಪ್ರಿಂಟ್ ತೆಗೆಸಿದ್ದ ಬೇರೆಯವರ ಏಳು ಕವಿತೆ, ಗೆಳತಿಯೊಬ್ಬಳು ಹುಡುಕಿ ಕೊಟ್ಟ ಒಂದು ಸಿಡಿ. ಅದರಲ್ಲಿ ಪತ್ರಿಕೆಯ 2004ರ ಕೆಲವು ತಿಂಗಳುಗಳ ಪುಟಗಳಿವೆ, ಕಂಪ್ಯೂಟರ್ ಇನ್ನೂ ಅದನ್ನು ಓದುತ್ತಿದೆ. ಇವನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಇಟ್ಟಿದ್ದೇನೆ. ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ತಂದರೆ ಯಾರ ಕೈಗೆ ಕೊಡಬೇಕು, ದಯವಿಟ್ಟು ತಿಳಿಸಿ.

ಇಂತಿ ನಿಮ್ಮ,
ಆ ಪತ್ರಿಕೆಯ ಒಬ್ಬ ಹಳೆಯ ಓದುಗ